ಮಾತಿನಿಂದ ಒತ್ತಕ್ಷರದವರೆಗೆ: ಕನ್ನಡದ ಮಗು ಓದು ಕಲಿಯುವ ಬಗೆ

ಎರಡನೆಯ ತರಗತಿಯ ಮಗುವೊಂದು ಪಾಠ ಓದುವಾಗ 'ಆಸ್ತಿ' ಎಂಬ ಪದವನ್ನು 'ಆಸಿತ' ಎಂದು ಓದಿತು ಎಂದುಕೊಳ್ಳೋಣ. ತಾಯಿಗೆ ಅದು ಗಮನವಿಲ್ಲದೆ ಓದಿದ್ದರ ಫಲವಾಗಿ ಕಾಣಬಹುದು, ಶಿಕ್ಷಕರಿಗೆ ಅಭ್ಯಾಸ ಸಾಲದು ಎನಿಸಬಹುದು, ಡಿಸ್ಲೆಕ್ಸಿಯಾ (ಓದು ಕಲಿಯುವಲ್ಲಿ ಮಗುವಿನೊಳಗೇ ಇರುವ ತೊಂದರೆ) ಎಂಬ ಪದವನ್ನು ಎಲ್ಲೋ ಕೇಳಿದ ನೆಂಟರಿಗೆ ಅದೇ ಇರಬೇಕೆಂಬ ಅನುಮಾನ ಹುಟ್ಟಬಹುದು. ಆದರೆ ಆ ಪದವನ್ನೇ ಕಣ್ಣಿಟ್ಟು ನೋಡಿದರೆ ಮಗು ಓದಿದ್ದೇನು ಎಂಬುದು ತಿಳಿಯುತ್ತದೆ. ಗುಡಿಸು ಕೂತಿರುವುದು ಸಕಾರದ ತಲೆಯ ಮೇಲೆ. ತಕಾರದ ಒತ್ತು ಇರುವುದು ಅದರ ಕೆಳಗೆ. ಕಣ್ಣಿಗೆ ಮೊದಲು ಸಿಗುವುದು 'ಸಿ', ಆಮೇಲೆ 'ತ'. ಬಾಯಿ ಹೇಳಬೇಕಾದುದು ಮಾತ್ರ ಮೊದಲು ಸಕಾರ, ನಂತರ ತಕಾರ, ಕೊನೆಗೆ ಇಕಾರ. ಮಗು ಗುಡಿಸನ್ನೂ ಗುರುತಿಸಿದೆ, ಒತ್ತನ್ನೂ ಗುರುತಿಸಿದೆ. ಸ್ವರವು ಒತ್ತಿನ ನಂತರ ಬರಬೇಕೆಂಬ ಒಂದೇ ಒಂದು ನಿಯಮ ಅದಕ್ಕೆ ಇನ್ನೂ ದಕ್ಕಿಲ್ಲ. ಏಳು ವರ್ಷದ ಮಗುವಿನಲ್ಲಿ ಇದು ಕಲಿಕೆ ಯಾವ ಹಂತದಲ್ಲಿದೆ ಎಂಬುದರ ಸುಳಿವೇ ಹೊರತು ದೋಷವಲ್ಲ.

ಮಕ್ಕಳ ಓದಿನ ಬಗ್ಗೆ ನಮ್ಮಲ್ಲಿ ಹರಡಿರುವ ತಿಳಿವಳಿಕೆಯಲ್ಲಿ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳ ಅಧ್ಯಯನದಿಂದ ಬಂದದ್ದು. ಎಷ್ಟನೆಯ ವಯಸ್ಸಿಗೆ ಅಕ್ಷರಗಳೆಲ್ಲ ಬರಬೇಕು, ಯಾವ ತಪ್ಪು ಸಹಜ, ಯಾವುದು ಆತಂಕದ್ದು ಎಂಬ ಪಟ್ಟಿಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಎರಡು ಕಡೆಯಿಂದ ಅನ್ಯಾಯವಾಗುತ್ತದೆ. ಸರಿಯಾಗಿಯೇ ಕಲಿಯುತ್ತಿರುವ ಮಗುವಿಗೆ ಹಣೆಪಟ್ಟಿ ಬೀಳುತ್ತದೆ. ನಿಜವಾಗಿ ನೆರವು ಬೇಕಾದ ಮಗು ಯಾರ ಕಣ್ಣಿಗೂ ಬೀಳದೆ ಮುಂದಿನ ತರಗತಿಗೆ ಹೋಗುತ್ತದೆ. ಆದ್ದರಿಂದ ಕನ್ನಡದ ಮಾತು ಮತ್ತು ಕನ್ನಡದ ಲಿಪಿ ಎರಡನ್ನೂ ಎದುರಿಗಿಟ್ಟುಕೊಂಡೇ ಈ ಬೆಳವಣಿಗೆಯನ್ನು ಅರಿಯಬೇಕಾಗುತ್ತದೆ.

ಓದಿನ ಬೇರು ಶಾಲೆಗಿಂತ ಬಹಳ ಹಿಂದೆ, ಕಿವಿಯಲ್ಲಿದೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ಹತ್ತಿರದ್ದು, ಏಕೆಂದರೆ ಅವರು ಬಳಸಿದ ಧ್ವನಿಗಳಲ್ಲಿ ಹಿಂದಿಯ ತಕಾರ ಮತ್ತು ಟಕಾರ ಇದ್ದವು; ಕನ್ನಡದಲ್ಲಿಯೂ ಈ ಭೇದ ಮುಖ್ಯವಾದದ್ದೇ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಈ ಎರಡರ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಹಿಂದಿ ಕೇಳಿ ಬೆಳೆಯುವ ಮಕ್ಕಳಲ್ಲಿ ಅದು ಉಳಿದಿತ್ತು. ಅಂದರೆ ಮಗು ಒಂದು ಮಾತನ್ನೂ ಆಡುವ ಮೊದಲೇ ತನ್ನ ಸುತ್ತಲಿನ ಭಾಷೆಗೆ ಕಿವಿಯನ್ನು ಹದಗೊಳಿಸಿಕೊಳ್ಳುತ್ತದೆ. ಕೂಸಿಗೇನು ತಿಳಿಯುತ್ತದೆ ಎಂದು ಸುಮ್ಮನಿರುವ ಮನೆಯಲ್ಲಿಯೂ ಅದು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಕೇಳಿಸಿಕೊಳ್ಳಲು ಸಿಗುವ ಮಾತು ಕಡಿಮೆಯಾಗುತ್ತದೆ, ಅಷ್ಟೆ.

ಇದೇ ಕಾರಣಕ್ಕೆ ಮಾತು ತಡವಾದ ಯಾವ ಮಗುವಿಗೂ ಮೊದಲು ಮಾಡಬೇಕಾದುದು ಶ್ರವಣ ಪರೀಕ್ಷೆ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ, ಟಿವಿಯ ಜಾಹೀರಾತಿಗೆ ಓಡಿಬರುತ್ತದೆ, ಹಾಗಾಗಿ ಕಿವಿ ಸರಿಯಿದೆ ಎಂದು ಹೆತ್ತವರು ನಂಬುವುದು ಸಹಜ. ಆದರೆ ಭಾಗಶಃ ಶ್ರವಣದೋಷವಿರುವ ಮಗುವಿಗೆ ದೊಡ್ಡ ಸದ್ದುಗಳು ಕೇಳಿಸಿಯೂ ಸಕಾರ, ಶಕಾರ, ತಕಾರದಂತಹ ಮೆಲುವಾದ ಧ್ವನಿಗಳು ಕೈತಪ್ಪಬಹುದು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿಯ ಆರಂಭ ಎಂಬುದು ಈ ಕ್ಷೇತ್ರದವರು ಎಲ್ಲೆಡೆ ಒಪ್ಪಿಕೊಂಡಿರುವ ಗುರಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆಂಬ ನಂಬಿಕೆಗಾಗಲಿ, ಗಂಡುಮಕ್ಕಳು ತಡವಾಗಿಯೇ ಮಾತಾಡುವುದು ಎಂಬ ಸಮಾಧಾನಕ್ಕಾಗಲಿ ಕಾಯುತ್ತ ಕೂತರೆ ಕಳೆದುಹೋಗುವುದು ಈ ಮೊದಲ ತಿಂಗಳುಗಳೇ.

ಮಾತಿನ ಹಂತಗಳು ಮಗುವಿನಿಂದ ಮಗುವಿಗೆ ತುಸು ಹಿಂದುಮುಂದಾದರೂ ಒಂದು ಚೌಕಟ್ಟು ಇದ್ದೇ ಇದೆ. ಆರೇಳು ತಿಂಗಳ ನಂತರ 'ಬಾಬಾಬಾ', 'ದಾದಾದಾ' ಎಂಬ ತೊದಲು. ವರ್ಷ ತುಂಬುವ ಆಸುಪಾಸಿನಲ್ಲಿ ಅಮ್ಮ, ತಾತ, ಮಮ್ಮು, ಬುವ್ವ ಇಂಥ ಒಂದೆರಡು ಅರ್ಥವುಳ್ಳ ಪದ. ಎರಡು ವರ್ಷದ ಹೊತ್ತಿಗೆ ಸುಮಾರು ಐವತ್ತು ಪದಗಳು ಮತ್ತು 'ಅಪ್ಪ ಬಾ', 'ಹಾಲು ಬೇಡ' ಎಂಬಂತಹ ಎರಡು ಪದದ ಜೋಡಣೆ. ಮೂರು ವರ್ಷಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವ ಮಾತು. ವರ್ಷವಾದರೂ ತೊದಲಾಗಲಿ, ಬೆರಳು ತೋರುವುದಾಗಲಿ, ಟಾಟಾ ಮಾಡುವುದಾಗಲಿ ಇಲ್ಲದಿದ್ದರೆ, ಎರಡು ವರ್ಷವಾದರೂ ಪದಗಳು ಜೋಡಣೆಯಾಗದಿದ್ದರೆ ಅಥವಾ ಯಾವುದೇ ವಯಸ್ಸಿನಲ್ಲಿ ಬಂದಿದ್ದ ಮಾತು ನಿಂತುಹೋದರೆ ಕಾಯಬಾರದು. ಕೊನೆಯದು ಎಲ್ಲಕ್ಕಿಂತ ತುರ್ತಿನದು.

ಈ ವಯಸ್ಸಿನ ತಪ್ಪುಗಳಲ್ಲಿಯೂ ಅರಿವು ಅಡಗಿರುತ್ತದೆ. 'ಮಾಡಿದೆ', 'ಹಾಡಿದೆ' ಎಂದು ಹೇಳಬಲ್ಲ ಮಗು ಒಂದು ದಿನ 'ನಾನು ಕೊಡಿದೆ' ಎಂದರೆ ಅದು ಹಿಂದೆ ಸರಿದಿಲ್ಲ. ಭೂತಕಾಲ ಮಾಡುವ ನಿಯಮವನ್ನು ತಾನೇ ಕಂಡುಕೊಂಡಿದೆ, 'ಕೊಟ್ಟೆ' ಎಂಬುದು ಆ ನಿಯಮಕ್ಕೆ ಹೊರಗಿನದೆಂದು ಇನ್ನೂ ತಿಳಿದಿಲ್ಲ. ಇಂತಹ ಕಡೆ ತಿದ್ದಿ ನಗುವುದಕ್ಕಿಂತ 'ಹೌದಾ, ಪುಟ್ಟಿಗೆ ಕೊಟ್ಯಾ?' ಎಂದು ಸರಿಯಾದ ರೂಪವನ್ನು ಮಾತಿನಲ್ಲಿಯೇ ಕೇಳಿಸಿದರೆ ಸಾಕು. ಉಚ್ಚಾರದ ವಿಷಯವೂ ಹೀಗೆಯೇ. ರಕಾರ ತಡವಾಗಿ ಕೂಡಿಬರುವ ಧ್ವನಿ. ಮೂರೂವರೆ ವರ್ಷದ ಮಗು 'ರಾಮ'ನನ್ನು 'ಲಾಮ' ಎಂದರೆ ಗಾಬರಿಯಾಗಬೇಕಿಲ್ಲ. ಅದೇ ಮಗು ನಾಲ್ಕು ದಾಟಿದ ಮೇಲೂ 'ಕಾಗೆ'ಯನ್ನು 'ತಾದೆ' ಎನ್ನುತ್ತಿದ್ದು, ಅದರ ಮಾತು ಅಕ್ಕಪಕ್ಕದ ಮನೆಯವರಿಗೆ ತಿಳಿಯುತ್ತಿಲ್ಲವಾದರೆ ವಾಕ್ ಚಿಕಿತ್ಸಕರಿಗೆ ತೋರಿಸುವುದು ಒಳ್ಳೆಯದು.

ಇಲ್ಲಿ ವೃತ್ತಿಯವರು ಎಚ್ಚರದಿಂದಿರಬೇಕಾದ ಒಂದು ಸಂಗತಿಯಿದೆ. ಹಳೆ ಮೈಸೂರಿನ ಹಲವು ಕಡೆಯ ಆಡುಮಾತಿನಲ್ಲಿ 'ಹಾಲು' 'ಆಲು' ಆಗುತ್ತದೆ, 'ಹಾಕು' 'ಆಕು' ಆಗುತ್ತದೆ. ಮಹಾಪ್ರಾಣಗಳು ಕನ್ನಡದ ಬಹುತೇಕ ಆಡುನುಡಿಗಳಲ್ಲಿ ಅಲ್ಪಪ್ರಾಣವಾಗಿಯೇ ಕೇಳಿಸುತ್ತವೆ. ಮನೆಯಲ್ಲಿ ಎಲ್ಲರೂ ಆಡುವ ಹಾಗೆ ಆಡುವ ಮಗುವಿಗೆ ಉಚ್ಚಾರದೋಷವಿದೆಯೆಂದು ಬರೆಯುವುದು ತಪ್ಪು. ಆ ಮಗು ತನ್ನ ನುಡಿಯನ್ನು ಚೆನ್ನಾಗಿಯೇ ಕಲಿತಿದೆ. ಮುಂದೆ ಬರವಣಿಗೆಯಲ್ಲಿ ಹಕಾರ ಬಿಟ್ಟುಹೋದರೆ, ಭಕಾರದ ಬದಲು ಬಕಾರ ಬಂದರೆ, ಅದನ್ನು ಬರಹದ ರೂಢಿಯಾಗಿ ನಿಧಾನಕ್ಕೆ ಕಲಿಸಬೇಕೇ ಹೊರತು ತರಗತಿಯ ಮುಂದೆ ನಿಲ್ಲಿಸಿ ನಾಲಿಗೆ ತಿದ್ದಬಾರದು. ಹಾಗೆ ತಿದ್ದಿಸಿಕೊಂಡ ಮಕ್ಕಳು ಬಾಯಿ ತೆರೆಯುವುದನ್ನೇ ಬಿಡುತ್ತಾರೆ, ಮತ್ತು ಬಾಯಿ ತೆರೆಯದ ಮಗುವಿಗೆ ಓದು ಕಲಿಸುವುದು ಬಹಳ ಕಷ್ಟ.

ಇನ್ನು ಲಿಪಿ. ಓದು ಬರಬೇಕಾದರೆ ಮಗು ಪದವನ್ನು ಧ್ವನಿಯ ತುಣುಕುಗಳಾಗಿ ಒಡೆದು ಕೇಳಬಲ್ಲದಾಗಿರಬೇಕು. ಯಾವ ಅಳತೆಯ ತುಣುಕು ಎಂಬುದನ್ನು ಲಿಪಿ ನಿರ್ಧರಿಸುತ್ತದೆ. ಇಂಗ್ಲಿಷಿನ ಅಕ್ಷರ ಒಂದೊಂದು ಬಿಡಿ ಧ್ವನಿಯ ಕಡೆಗೆ ಕೈ ತೋರುತ್ತದೆ. ಕನ್ನಡದ ಅಕ್ಷರ ವ್ಯಂಜನ ಮತ್ತು ಸ್ವರ ಕೂಡಿದ ಒಂದು ಘಟಕ. 'ಕಮಲ' ಎಂದರೆ ಮೂರು ಚಪ್ಪಾಳೆ, ಮೂರು ಅಕ್ಷರ. ಈ ಮಟ್ಟದ ಒಡೆಯುವಿಕೆ ಮಕ್ಕಳಿಗೆ ಸುಲಭ. ಶಾಲೆಗೆ ಹೊಸಬರಾದ ಮಕ್ಕಳೂ ಅಂತ್ಯಾಕ್ಷರಿಯ ಆಟದಲ್ಲಿ ಪದದ ಕೊನೆಯ ಅಕ್ಷರವನ್ನು ಹಿಡಿದು ಹೊಸ ಪದ ಹುಡುಕುತ್ತಾರೆ, ಪ್ರತಿ ಅಕ್ಷರದ ಹಿಂದೆ 'ಕ' ಸೇರಿಸಿ ಆಡುವ ಗುಟ್ಟಿನ ಭಾಷೆಯನ್ನು ತುಸು ದೊಡ್ಡವರು ಲೀಲಾಜಾಲವಾಗಿ ಆಡುತ್ತಾರೆ. ಆರಂಭದ ಹೆಜ್ಜೆ ಕನ್ನಡದಲ್ಲಿ ಇಷ್ಟು ಸರಾಗವಾಗಿರುವುದು ಇದರಿಂದಲೇ.

ಮುಂದಿನ ದಾರಿ ಉದ್ದದ್ದು. ವರ್ಣಮಾಲೆಯಲ್ಲಿ 49 ಅಕ್ಷರ: ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ನಾಲ್ಕು ವ್ಯಂಜನ. ಒಂದೊಂದು ವ್ಯಂಜನಕ್ಕೂ ಹದಿಮೂರು ಸ್ವರ ಸೇರಿದರೆ ಗುಣಿತಾಕ್ಷರಗಳೇ 442. ಇವು ಎಲ್ಲವನ್ನೂ ಬಿಡಿಬಿಡಿಯಾಗಿ ಕಲಿಯಬೇಕಿಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳ ಮರ್ಮ ತಿಳಿದರೆ ಉಳಿದದ್ದು ತಾನಾಗಿ ಬರಬೇಕು. ಆದರೆ ಆ ಮರ್ಮದಲ್ಲಿ ತೊಡಕುಗಳಿವೆ. 'ಕೊ' ಎಂಬಲ್ಲಿ ಎಕಾರದ ಗುರುತಿಗೆ ಊಕಾರದ ಗುರುತು ಸೇರಿ ಒಕಾರವಾಗುತ್ತದೆ. ಎರಡೂ ಗುರುತು ಗೊತ್ತಿದ್ದ ಮಗುವಿಗೆ ಮೂರನೆಯ ಸ್ವರ ಏಕೆ ಬಂತೆಂದು ತಿಳಿಯುವುದಿಲ್ಲ. 'ಮಿ' ಮತ್ತು 'ವಿ' ನಡುವೆ ಇರುವುದು ಒಂದು ಕೊಂಬಿನ ಅಂತರ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವೂ 'ಮೊ'ವನ್ನು ಬಿಡಿಯಾಗಿ ತೋರಿಸಿದರೆ ತಡವರಿಸುತ್ತದೆ, ಏಕೆಂದರೆ ಒಪ್ಪಿಸುವಾಗ ನೆನಪಿನಲ್ಲಿರುವುದು ಸಾಲಿನ ಕ್ರಮ. ಗುರುತಿಗೂ ಧ್ವನಿಗೂ ಇರುವ ನಂಟಲ್ಲ. ಆದ್ದರಿಂದ ಮಗುವಿಗೆ ಕಾಗುಣಿತ ಬಂದಿದೆಯೇ ಎಂದು ನೋಡಬೇಕಾದರೆ ಸಾಲನ್ನು ಒಪ್ಪಿಸಲು ಹೇಳದೆ, ನಡುವಿನಿಂದ ಯಾವುದೋ ಒಂದನ್ನು ತೋರಿಸಬೇಕು.

ಒತ್ತಕ್ಷರಗಳದು ಇನ್ನೂ ಬೇರೆಯೇ ಕಷ್ಟ. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಬಳಸಿದರೆ ಮೊದಲು ಉಚ್ಚರಿಸಬೇಕಾದ ರಕಾರ ಯಕಾರದ ನಂತರ ಬರೆಯಲ್ಪಟ್ಟಿರುತ್ತದೆ. ಇದಕ್ಕಿಂತ ಆಳದಲ್ಲಿ ಇನ್ನೊಂದು ಬಿರುಕಿದೆ. 'ಪುಸ್ತಕ' ಎಂದು ನಿಧಾನವಾಗಿ ಹೇಳಿ ನೋಡಿ: ಬಾಯಿ ಅದನ್ನು 'ಪುಸ್', 'ತ', 'ಕ' ಎಂದು ಮುರಿಯುತ್ತದೆ. ಬರಹ ಮಾತ್ರ 'ಪು', 'ಸ್ತ', 'ಕ' ಎಂದು ಮುರಿಯುತ್ತದೆ. ಈವರೆಗೆ ಚಪ್ಪಾಳೆಗೂ ಅಕ್ಷರಕ್ಕೂ ಕೂಡುತ್ತಿದ್ದ ಗಡಿ ಒತ್ತಕ್ಷರ ಬಂದ ಕೂಡಲೇ ತಪ್ಪುತ್ತದೆ. 'ಪುಸತಕ' ಎಂದು ಬರೆದ ಮಗು ತಾನು ಕೇಳಿದ ಧ್ವನಿಗಳನ್ನೆಲ್ಲ ಕ್ರಮವಾಗಿಯೇ ಬರೆದಿದೆ. ಸ್ವರವಿಲ್ಲದ ಸಕಾರವನ್ನು ಏನು ಮಾಡಬೇಕೆಂಬುದೊಂದೇ ಅದರ ಮುಂದಿರುವ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಅಕ್ಷರವನ್ನು ಇನ್ನೂ ಒಡೆದು ಒಳಗಿರುವ ಬಿಡಿ ಧ್ವನಿಯನ್ನು ಕೇಳಬೇಕು. ಅಂದರೆ ಇಂಗ್ಲಿಷ್ ಮಗುವಿಗೆ ಮೊದಲ ಹೆಜ್ಜೆಯಲ್ಲಿಯೇ ಬೇಕಾಗುವ ಸೂಕ್ಷ್ಮ ಧ್ವನಿಪ್ರಜ್ಞೆ ಕನ್ನಡದ ಮಗುವಿಗೆ ತಡವಾಗಿ ಬೇಕಾಗುತ್ತದೆ, ತಡವಾಗಿಯೇ ಬರುತ್ತದೆ.

ಬೆಂಗಳೂರಿನಲ್ಲಿ ಈ ವಿಷಯವನ್ನು ಬಹುಕಾಲ ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿದ್ದು ಇದನ್ನೇ. ಕನ್ನಡ ಕಲಿಯುವ ಮಕ್ಕಳಲ್ಲಿ ಅಕ್ಷರಜ್ಞಾನದ ಬೆಳವಣಿಗೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ; ನಾಲ್ಕನೆಯ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ. ಅಕ್ಷರದ ಮಟ್ಟದ ಧ್ವನಿಪ್ರಜ್ಞೆ ಮೊದಲು ಬರುತ್ತದೆ, ಬಿಡಿ ಧ್ವನಿಯ ಪ್ರಜ್ಞೆ ನಿಧಾನವಾಗಿ ಮೂಡುತ್ತದೆ. ಒಂದನೆಯ ತರಗತಿಯ ಕೊನೆಗೆ ಎಲ್ಲವೂ ಬಂದಿರಬೇಕೆಂಬ ನಿರೀಕ್ಷೆಗೆ ಆಧಾರವಿಲ್ಲವೆಂದು ಹೇಳಲು ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಯುಕೆಜಿಯಲ್ಲಿಯೇ ಒತ್ತಕ್ಷರ ತುಂಬುವ ಶಾಲೆಗಳು ಮಕ್ಕಳಿಗೆ ಮಾಡುತ್ತಿರುವುದು ಉಪಕಾರವಲ್ಲ.

ಹಾಗಾದರೆ ನಿಜವಾದ ತೊಂದರೆಯನ್ನು ಗುರುತಿಸುವುದು ಹೇಗೆ? ಕನ್ನಡದಲ್ಲಿ ಬರೆದಂತೆ ಓದು ಬಹುಮಟ್ಟಿಗೆ ನಡೆಯುತ್ತದೆ. ಇಂಗ್ಲಿಷಿನ ಹಾಗೆ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರಗಳಿಲ್ಲ. ಇಂತಹ ಲಿಪಿಗಳಲ್ಲಿ ಓದಿನ ತೊಂದರೆಯಿರುವ ಮಗುವೂ ಸಾಕಷ್ಟು ಸಮಯ ಕೊಟ್ಟರೆ ಸರಿಯಾಗಿಯೇ ಓದಿಬಿಡಬಹುದು. ಇದೇ ಸ್ವಭಾವದ ಜರ್ಮನ್ ಓದುವ ಮಕ್ಕಳಲ್ಲಿಯೂ ಸಂಶೋಧಕರು ಕಂಡದ್ದು ಇದನ್ನೇ: ತೊಂದರೆ ಎದ್ದು ಕಾಣುವುದು ತಪ್ಪಿನಲ್ಲಲ್ಲ, ನಿಧಾನದಲ್ಲಿ. ಮೂರನೆಯ ತರಗತಿ ಮುಗಿಯುತ್ತ ಬಂದರೂ ನಿತ್ಯ ಕಾಣುವ ಪದಗಳನ್ನೂ ಅಕ್ಷರ ಅಕ್ಷರವಾಗಿ ಜೋಡಿಸುತ್ತ, 'ಮ... ಮನೆ... ಮನೆಯ... ಮನೆಯಲ್ಲಿ' ಎಂದು ಸಾಗುವ, ಸಾಲಿನ ಕೊನೆ ತಲುಪುವ ಹೊತ್ತಿಗೆ ಸಾಲಿನ ಮೊದಲನ್ನು ಮರೆಯುವ ಮಗುವನ್ನು ಗಮನಿಸಬೇಕು. ಅದರ ಅಂಕಗಳು ಚೆನ್ನಾಗಿಯೇ ಇರಬಹುದು, ಏಕೆಂದರೆ ಚಿಕ್ಕ ತರಗತಿಗಳ ಪಾಠವನ್ನು ಕೇಳಿ ಬಾಯಿಪಾಠ ಮಾಡಿಬಿಡಬಹುದು. ಪಾಠಪುಸ್ತಕದಲ್ಲಿಲ್ಲದ ಪುಟವೊಂದನ್ನು ಕೊಟ್ಟು ಓದಿಸಿದಾಗ ಮಾತ್ರ ವಸ್ತುಸ್ಥಿತಿ ತಿಳಿಯುತ್ತದೆ. ಗುಣಿತದ ಗುರುತುಗಳು ವರ್ಷಗಟ್ಟಲೆ ನಿಲ್ಲದೆ ಬದಲಾಗುತ್ತಿರುವುದು, ಮಾತು ತಡವಾಗಿದ್ದ ಹಿನ್ನೆಲೆ, ಮನೆಯಲ್ಲಿ ಬೇರೆಯವರಿಗೂ ಓದಿನ ತೊಂದರೆ ಇದ್ದದ್ದು, ಇವು ಅನುಮಾನವನ್ನು ಗಟ್ಟಿಗೊಳಿಸುವ ಸಂಗತಿಗಳು.

ಅಕ್ಷರ ಕೂಡಿಸಲು ಬಂದಮಾತ್ರಕ್ಕೆ ಓದು ಬಂದಂತಲ್ಲ ಎಂಬುದೂ ಇಷ್ಟೇ ಮುಖ್ಯ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಲಿಪಿಯನ್ನು ಬಿಡಿಸುವ ಶಕ್ತಿ, ಅದನ್ನು ಮಾತಿನ ಅರಿವಿನಿಂದ ಗುಣಿಸಿದರೆ ಬರುವುದು ಓದಿದ್ದರ ಗ್ರಹಿಕೆ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. 'ರೈತನು ಹೊಲವನ್ನು ಉತ್ತು ಬಿತ್ತನೆಗೆ ಸಿದ್ಧಗೊಳಿಸಿದನು' ಎಂಬ ವಾಕ್ಯವನ್ನು ನಗರದ ಮಗುವೊಂದು ಒಂದೂ ತಪ್ಪಿಲ್ಲದೆ ಓದಬಹುದು. ಉಳುವುದು ಎಂದರೇನೆಂದು ಅದು ಎಂದೂ ಕೇಳಿರದಿದ್ದರೆ ಓದಿ ಸಿಕ್ಕಿದ್ದೇನೂ ಇಲ್ಲ. ಹಳ್ಳಿಯ ಮಗುವಿಗೆ ಉಳುವುದು ಗೊತ್ತು, ಆದರೆ ಅದು ಮನೆಯಲ್ಲಿ ಕೇಳುವುದು 'ಸಿದ್ಧಗೊಳಿಸಿದನು' ಎಂದಲ್ಲ. 'ಮನೇಲಿ' ಎಂದು ಆಡುವವರು 'ಮನೆಯಲ್ಲಿ' ಎಂದು ಓದಬೇಕು. 'ಬರ್ತೀನಿ' ಎನ್ನುವವರು 'ಬರುತ್ತೇನೆ' ಎಂಬುದನ್ನು ಅದೇ ಮಾತೆಂದು ಗುರುತಿಸಬೇಕು. ಧಾರವಾಡದ, ಕಲಬುರಗಿಯ, ಕುಂದಾಪುರದ ಮಕ್ಕಳಿಗೆ ಈ ದೂರ ಇನ್ನೂ ಹೆಚ್ಚು. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚು. ಈ ಸೇತುವೆಯನ್ನು ಕಟ್ಟುವ ಸುಲಭದ ದಾರಿಯೆಂದರೆ ಓದು ಬರುವ ಮೊದಲೇ ಮಕ್ಕಳಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವುದು. ಬರಹದ ಕನ್ನಡ ಆಗ ಕಿವಿಗೆ ಪರಿಚಿತವಾಗಿರುತ್ತದೆ, ಕಣ್ಣಿಗೆ ಬಿದ್ದಾಗ ಅನ್ಯವೆನಿಸುವುದಿಲ್ಲ.

ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆಂಬ ಭಯ ಎಲ್ಲೆಡೆ ಇದೆ. ಅದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಮಗುವಿಗೆ ಎಷ್ಟು ಪದ ಬರುತ್ತದೆಂದು ಎಣಿಸುವಾಗ ಎಲ್ಲ ಭಾಷೆಗಳ ಪದವನ್ನೂ ಸೇರಿಸಿ ಎಣಿಸಬೇಕು, ಅಷ್ಟೆ. ಮಾತು ತಡವಾದ ಮಗುವಿನ ಹೆತ್ತವರಿಗೆ 'ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿಯೇ ಮಾತನಾಡಿ' ಎಂಬ ಸಲಹೆ ಇಂದಿಗೂ ಸಿಗುತ್ತದೆ, ಬೆಂಗಳೂರಿನಲ್ಲಿಯೂ, ಹೊರದೇಶಗಳಲ್ಲಿ ನೆಲಸಿದ ಕನ್ನಡದ ಮನೆಗಳಲ್ಲಿಯೂ. ಇದು ನೋವಿನ ಸಂಗತಿ. ತಮಗೆ ಸರಾಗವಲ್ಲದ ಭಾಷೆಯಲ್ಲಿ ಹೆತ್ತವರು ಆಡುವ ಮಾತು ತುಂಡುತುಂಡಾಗಿರುತ್ತದೆ: ಕಮ್, ಸಿಟ್, ಈಟ್. ಕಥೆಯಿಲ್ಲ, ಹಟವಿಲ್ಲ, ಮುದ್ದಿಲ್ಲ. ಅಜ್ಜಿಯೊಂದಿಗೆ ಮಾತೇ ಇಲ್ಲ. ಭಾಷೆ ಬೆಳೆಯಲು ಬೇಕಾದ ಸಮೃದ್ಧ ಮಾತು ತಮ್ಮ ನುಡಿಯಲ್ಲಿಯೇ ಸಿಗುವುದು.

ಶಾಲೆಯ ಕಡೆಯಿಂದ ಕರ್ನಾಟಕದಲ್ಲಿ ಒಂದು ಒಳ್ಳೆಯ ಹೆಜ್ಜೆ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ. ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೊರಡದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಹೊರಡುವ ಕ್ರಮ ನಮ್ಮ ಸರ್ಕಾರಿ ಶಾಲೆಗಳಲ್ಲಿ ರೂಢಿಯಾಗಿದೆ. ಈ ಐದು ಅಕ್ಷರ ಬಂದ ವಾರದಲ್ಲಿಯೇ ಮಗು ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಬಲ್ಲದು. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಬಹಳ ಚೆಂದ. ಆದರೆ ಸ್ವರಗಳಷ್ಟನ್ನೇ ಕಲಿತ ಮಗುವಿಗೆ ಓದಲು ಪದವೇ ಸಿಗುವುದಿಲ್ಲ. ಹಳೆಯ ಕ್ರಮವನ್ನು ಮನೆಯಲ್ಲಿ ಸಮಾನಾಂತರವಾಗಿ ಹೇರುವ ಹೆತ್ತವರು ಇದನ್ನು ಗಮನಿಸಬೇಕು.

ಮನೆಯಲ್ಲಿ ಮಾಡಬೇಕಾದುದು ದುಬಾರಿಯದಲ್ಲ. ಒಂದೂವರೆ ವರ್ಷದ ಮಗು 'ಬೌಬೌ ಓಯ್ತು' ಎಂದರೆ 'ಹೌದು, ಕರಿ ನಾಯಿ ಓಡಿಹೋಯ್ತು, ಹಾಲಿನವರ ಹಿಂದೆ ಹೋಯ್ತು' ಎಂದು ಅದರ ಮಾತಿಗೆ ಮಾತು ಕೂಡಿಸಬೇಕು. ಚಿತ್ರದ ಪುಸ್ತಕ ಹಿಡಿದಾಗ ಇದೇನು, ಅದೇನು ಎಂದು ಪರೀಕ್ಷೆ ಮಾಡದೆ, ಮುಂದೇನಾಗಬಹುದು ಎಂದು ಕೇಳಿ ಉತ್ತರಕ್ಕೆ ಕಾಯಬೇಕು. ನಾವು ಕಾಯುವುದು ಬಹಳ ಕಡಿಮೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮೊಬೈಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ಎರಡು ವರ್ಷದೊಳಗೆ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಅನುಮಾನ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಹೆತ್ತವರ ಮುಂದಿನ ಪ್ರಶ್ನೆ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಕಲಿಕೆಯ ತೊಂದರೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ, ಹಾಗಾಗಿ ಅವರು ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಪರೀಕ್ಷೆಗೆ ಹೋಗುವಾಗ ಅಂಕಪಟ್ಟಿಗಿಂತ ಉಪಯುಕ್ತವಾದುದು ಮಗುವಿನ ಬರವಣಿಗೆಯ ಪುಸ್ತಕಗಳು: ತಿದ್ದಿದವು, ತಿದ್ದದವು ಎರಡೂ, ಕಳೆದ ವರ್ಷದವೂ ಸೇರಿ. ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಮೊದಲ ಪದ ಯಾವಾಗ ಬಂತು, ಕಿವಿ ಸೋರಿದ್ದುಂಟೇ ಎಂಬುದನ್ನು ಬರೆದುಕೊಂಡು ಹೋಗಬೇಕು. ಕನ್ನಡದ ಮಗುವಿನ ಓದನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ತೀರ್ಮಾನ ಕೊಟ್ಟರೆ, ಕನ್ನಡದಲ್ಲಿಯೂ ಪರೀಕ್ಷಿಸಿ ಎಂದು ಕೇಳುವ ಹಕ್ಕು ಹೆತ್ತವರಿಗಿದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಎರಡೂ ಲಿಪಿಗಳಲ್ಲಿ ಕಾಣುವ ತೊಂದರೆಗೂ, ಕಲಿಸದೆ ಇದ್ದದ್ದರಿಂದ ಒಂದರಲ್ಲಿ ಮಾತ್ರ ಕಾಣುವ ಕೊರತೆಗೂ ಚಿಕಿತ್ಸೆ ಒಂದೇ ಅಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಡಿಸ್ಲೆಕ್ಸಿಯಾದಂತಹ ತೊಂದರೆಗಳನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯವೆಂದು ಮಾನ್ಯ ಮಾಡಿದೆ. ಪ್ರಮಾಣಪತ್ರ ಸಿಗುವುದು ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ನಂತರ. ಅದರ ಆಧಾರದ ಮೇಲೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಕೇಳಬಹುದು. ಆದರೆ ನೆರವು ಆರಂಭಿಸಲು ಪ್ರಮಾಣಪತ್ರ ಬೇಕಿಲ್ಲ. ಆರು ವರ್ಷದ ಮಗುವಿಗೆ ಗುಣಿತದ ಗುರುತು ನಿಲ್ಲುತ್ತಿಲ್ಲವೆಂದು ಕಂಡ ದಿನವೇ ಶಿಕ್ಷಕರು ದಿನಕ್ಕೆ ಕಾಲು ಗಂಟೆ ಅದರೊಂದಿಗೆ ಕೂತು, ಒಂದು ವಾರ ಗುಡಿಸನ್ನಷ್ಟೇ ತೆಗೆದುಕೊಂಡು, ಅದು ಹತ್ತು ವ್ಯಂಜನಗಳ ಮೇಲೆ ಕೂತಾಗ ಏನಾಗುತ್ತದೆಂದು ಕೇಳಿಸಿ, ಬರೆಸಿ, ಪದದಲ್ಲಿ ಓದಿಸಿ, ಮುಂದಿನ ವಾರ ಕೊಂಬಿಗೆ ಹೋಗಬಹುದು. ಇಂತಹ ಆರೆಂಟು ವಾರಗಳ ಪಾಠದ ನಂತರವೂ ಮಗು ಮುಂದೆ ಹೋಗದಿದ್ದರೆ, ಆ ವಾರಗಳ ದಾಖಲೆಯನ್ನು ಪರೀಕ್ಷೆ ಮಾಡುವವರಿಗೆ ಕೊಡಬೇಕು. ಕಲಿಸಿದ್ದು ಸಾಲದೆ ಬಂದ ಕೊರತೆಯೋ, ಮಗುವಿನೊಳಗಿನ ತೊಂದರೆಯೋ ಎಂದು ಬಿಡಿಸಲು ಅವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.